ನೀವೇ ವರದಿಗಾರ, ನೀವೇ ಡೆಸ್ಕ್: ಆನ್‌ಲೈನ್‌ನಲ್ಲಿ ಬರೆದು ಪ್ರಕಟಿಸುವವರಿಗೆ

ಪತ್ರಿಕೆಯಲ್ಲಿ ಒಂದು ಸುದ್ದಿ ಓದುಗರ ಕೈ ಸೇರುವ ಮೊದಲು ಎಷ್ಟು ಜನರ ಕಣ್ಣು ದಾಟುತ್ತದೆ ಗೊತ್ತಾ? ವರದಿಗಾರರು ಬರೆದು ಕಳಿಸುತ್ತಾರೆ. ಉಪಸಂಪಾದಕರು ಕಾಪಿ, ಅಂದರೆ ಆ ಬರಹ, ತಿದ್ದಿ ತಲೆಬರಹ ಕೊಡುತ್ತಾರೆ. ಅವರ ಮೇಲಿನವರು 'ಇದನ್ನು ಹೇಳಿದ್ದು ಯಾರು?' ಅಂತ ಕೇಳುತ್ತಾರೆ. ಪುಟ ಕಟ್ಟಿದ ಮೇಲೆ ಪ್ರಿಂಟ್ ತೆಗೆದು, ಇನ್ನೊಬ್ಬರು ಪೆನ್ನು ಹಿಡಿದು ಕೂರುತ್ತಾರೆ. ಈ ಜನರ ಸಾಲಿಗೆ ನಾವು ಡೆಸ್ಕ್ ಅನ್ನುತ್ತೇವೆ. ನಾನು ಹಲವು ವರ್ಷ ಆ ಸಾಲಿನಲ್ಲಿ ಕೂತು ಕೆಲಸ ಮಾಡಿದವನು.

ಸ್ವಂತ ಸೈಟ್‌ನಲ್ಲೋ ಫೇಸ್‌ಬುಕ್‌ನಲ್ಲೋ ಬರೆಯುವಾಗ ಈ ಸಾಲು ಇರುವುದಿಲ್ಲ. ಬರೆದ ಕೈಯೇ ಬಟನ್ ಒತ್ತುತ್ತದೆ. ಇದರಲ್ಲಿ ಖುಷಿ ಇದೆ, ಯಾರ ಅಪ್ಪಣೆಗೂ ಕಾಯಬೇಕಿಲ್ಲ. ಆದರೆ ತಪ್ಪಿದರೆ ಹಿಡಿಯುವವರೂ ಇಲ್ಲ. ಹೊಸದಾಗಿ ಬರೆಯುವವರು ನನ್ನನ್ನು ಕೇಳುವುದು ಹೆಚ್ಚಾಗಿ ಫಾಲೋವರ್‌ಗಳನ್ನು ಹೇಗೆ ಜಾಸ್ತಿ ಮಾಡುವುದು ಅಂತ. ನಾನು ಹೇಳುವುದು ಬೇರೆ. ಮೊದಲು ನಿಮ್ಮೊಳಗೇ ಒಂದು ಡೆಸ್ಕ್ ಕಟ್ಟಿಕೊಳ್ಳಿ. ಅದನ್ನು ಕಟ್ಟುವ ಕ್ರಮ ಕೆಳಗಿದೆ.

ಹೆಜ್ಜೆ 1: ಯಾರಿಗೆ ಬರೆಯುತ್ತೀರಿ ಅಂತ ಒಂದು ವಾಕ್ಯದಲ್ಲಿ ಬರೆದಿಡಿ

ಯಾವ ವಿಷಯ, ಯಾರಿಗಾಗಿ. ಇಷ್ಟೇ. 'ಎಲ್ಲರಿಗೂ' ಅಂತ ಬರೆದಿದ್ದರೆ ಅಳಿಸಿ ಮತ್ತೆ ಬರೆಯಿರಿ. 'ಮೊದಲ ಸಲ ಕ್ಯಾಮೆರಾ ಹಿಡಿದವರಿಗೆ ಬೆಳಕಿನ ಬಗ್ಗೆ' ಎನ್ನುವ ಹಾಗೆ ಕಿರಿದಾಗಿರಲಿ. ಮುಂದೆ ಪ್ರತಿ ಸಲ ಏನು ಬರೆಯಬೇಕು, ಏನು ಬಿಡಬೇಕು ಎಂಬ ಗೊಂದಲ ಬಂದಾಗ ಈ ವಾಕ್ಯವೇ ದಾರಿ ತೋರಿಸುತ್ತದೆ.

ಖಾತೆಗಳಿಗೆ ಎಲ್ಲ ಕಡೆ ಒಂದೇ ಹೆಸರು, ಒಂದೇ ಚಿತ್ರ ಇಡಿ. ನೌಕರಿಯಲ್ಲಿದ್ದರೆ ನಿಮ್ಮ ಸಂಸ್ಥೆಯ ಸೋಷಿಯಲ್ ಮೀಡಿಯಾ ನಿಯಮಗಳನ್ನು ಮೊದಲು ಓದಿ. 'ಇಲ್ಲಿನ ಅಭಿಪ್ರಾಯ ನನ್ನದು ಮಾತ್ರ' ಅಂತ ಪ್ರೊಫೈಲ್‌ನಲ್ಲಿ ಹಾಕಿಕೊಂಡರೆ ಸಾಕು ಅಂತ ತುಂಬಾ ಜನ ನಂಬಿದ್ದಾರೆ. ಓದುವವರು ನಿಮ್ಮನ್ನು ಹಾಗೆ ಎರಡು ಭಾಗ ಮಾಡಿ ನೋಡುವುದಿಲ್ಲ. ಸುದ್ದಿಮನೆಯಲ್ಲಿ ಕೆಲಸ ಮಾಡುವವರ ವಿಷಯದಲ್ಲಂತೂ ಖಂಡಿತ ಇಲ್ಲ.

ಹೆಜ್ಜೆ 2: ಮೂಲ ಪ್ರತಿ ನಿಮ್ಮ ಜಾಗದಲ್ಲಿರಲಿ

ಆರ್ಕುಟ್ ಎಂಬ ಜಾಲತಾಣ ನೆನಪಿದೆಯಾ? ಎಷ್ಟೊಂದು ಸಮುದಾಯಗಳು, ಎಷ್ಟೊಂದು ಚರ್ಚೆ ಅಲ್ಲಿ ನಡೆದಿದ್ದವು. 2014ರ ಸೆಪ್ಟೆಂಬರ್ 30ಕ್ಕೆ ಬಾಗಿಲು ಹಾಕಿತು. ಗೂಗಲ್ ಪ್ಲಸ್ 2019ರ ಏಪ್ರಿಲ್‌ನಲ್ಲಿ ಮುಚ್ಚಿತು. ಅದೇ ವರ್ಷ ಮೈಸ್ಪೇಸ್ ಎಂಬ ಇನ್ನೊಂದು ಜಾಲತಾಣ, ಸರ್ವರ್ ಬದಲಿಸುವಾಗ ಹಳೆಯ ಫೈಲ್‌ಗಳು ಹಾಳಾದವು ಅಂತ ಒಪ್ಪಿಕೊಂಡಿತು. ಅಲ್ಲಿ 12 ವರ್ಷ ಜನ ಹಾಕಿದ್ದ ಹಾಡುಗಳು ಹೋದವು. ತಮ್ಮ ಹಾಡಿಗೆ ಅದೊಂದೇ ಪ್ರತಿ ಇಟ್ಟುಕೊಂಡಿದ್ದವರ ಗತಿ ಯೋಚಿಸಿ.

ಸುಮ್ನೆ ಹೆದರಿಸಲು ಇದನ್ನು ಹೇಳುತ್ತಿಲ್ಲ. ಅಮೆರಿಕದ ಸಂಶೋಧನಾ ಸಂಸ್ಥೆ ಪ್ಯೂ ರಿಸರ್ಚ್ ಸೆಂಟರ್ 2024ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. 2013ರಲ್ಲಿದ್ದ ವೆಬ್ ಪುಟಗಳಲ್ಲಿ ಶೇ 38ರಷ್ಟು ಹತ್ತು ವರ್ಷದ ನಂತರ ತೆರೆಯುತ್ತಲೇ ಇರಲಿಲ್ಲ. ಹಳೇ ಪತ್ರಿಕೆಯನ್ನು ಗ್ರಂಥಾಲಯದ ಕಪಾಟಿನಲ್ಲಿ ಹುಡುಕಬಹುದು. ಇಲ್ಲಿ ಆ ಕಪಾಟನ್ನೂ ನಾವೇ ಮಾಡಿಕೊಳ್ಳಬೇಕು.

ಹಾಗಾಗಿ ಬರಹ ಮೊದಲು ನಿಮ್ಮ ಸ್ವಂತ ಸೈಟ್‌ನಲ್ಲಿ ಬರಲಿ. 2003ರಿಂದ ಇರುವ ವರ್ಡ್‌ಪ್ರೆಸ್‌ನಂಥ ಮುಕ್ತ ತಂತ್ರಾಂಶ ಸಾಕು. ಯಾವುದೇ ಸೇವೆ ಆರಿಸುವಾಗ ಒಂದು ಪ್ರಶ್ನೆ ಕೇಳಿ: ನನ್ನ ಎಲ್ಲ ಬರಹವನ್ನು ಒಟ್ಟಿಗೆ ಡೌನ್‌ಲೋಡ್ ಮಾಡಿಕೊಂಡು ಬೇರೆ ಕಡೆ ಹೋಗಬಹುದಾ? ಆಗಲ್ಲ ಅಂದರೆ ಅದು ಬೇಡ.

ಡೊಮೈನ್ ಹೆಸರು, ಅಂದರೆ ಸೈಟ್‌ನ ವಿಳಾಸ, ನಿಮ್ಮ ಹೆಸರಿನಲ್ಲೇ, ನಿಮ್ಮ ಇಮೇಲ್‌ನಲ್ಲೇ ನೋಂದಣಿ ಆಗಿರಲಿ. ನನ್ನ ಗೆಳೆಯರೊಬ್ಬರಿಗೆ ಸೈಟ್ ಮಾಡಿಕೊಟ್ಟವರು ಡೊಮೈನ್ ಅನ್ನು ತಮ್ಮ ಹೆಸರಿಗೇ ಮಾಡಿಕೊಂಡಿದ್ದರು. ಮುಂದೆ ಅವರ ಫೋನ್ ಸಿಗದಾಯಿತು. ನವೀಕರಣದ ದಿನ ದಾಟಿತು. ಐದು ವರ್ಷದ ವಿಳಾಸ ಕೈಬಿಟ್ಟು ಹೋಯಿತು. ಬರಹಗಳ ಪ್ರತಿ ಇತ್ತು, ಆದರೆ ಬೇರೆಯವರು ಅವರ ಲೇಖನಗಳಿಗೆ ಕೊಟ್ಟಿದ್ದ ಲಿಂಕ್‌ಗಳೆಲ್ಲ ಸತ್ತವು.

ಹೆಜ್ಜೆ 3: ಕಾಪಿ ತಿದ್ದುವ ಕೆಲಸ

ತಲೆಬರಹವನ್ನು ಕೊನೆಗೆ ಬರೆಯಿರಿ. ಡೆಸ್ಕ್‌ನಲ್ಲಿ ನಾವು ಹಾಗೇ ಮಾಡುತ್ತೇವೆ, ಯಾಕೆಂದರೆ ಕಾಪಿ ಪೂರ್ತಿ ಓದದೆ ಅದರ ಸಾರ ಗೊತ್ತಾಗುವುದಿಲ್ಲ. ತಲೆಬರಹದಲ್ಲಿ ಹೇಳಿದ್ದು ಒಳಗೆ ಇರಲೇಬೇಕು. 'ಇದನ್ನು ಓದಿದರೆ ಬೆಚ್ಚಿ ಬೀಳುತ್ತೀರಿ' ಎಂಬ ಧಾಟಿಯಿಂದ ಒಂದು ದಿನ ಕ್ಲಿಕ್ ಸಿಗುತ್ತದೆ, ನಿಜ. ಒಳಗೆ ಏನೂ ಇಲ್ಲ ಅಂತ ಗೊತ್ತಾದ ಓದುಗರು ಮುಂದಿನ ಸಲ ಬರುವುದಿಲ್ಲ. ಸಾಮಾಜಿಕ ಜಾಲತಾಣಗಳಲ್ಲಿ ತುಂಬಾ ಜನ ಓದುವುದು ತಲೆಬರಹ ಮಾತ್ರ. ಅದರ ಕೆಳಗೇ ಜಗಳ ಶುರುವಾಗುತ್ತದೆ. ಆದ್ದರಿಂದ ಅದೊಂದನ್ನೇ ಓದಿದವರಿಗೂ ತಪ್ಪು ಅರ್ಥ ಹೋಗಬಾರದು. ಪ್ರಶ್ನೆ ಚಿಹ್ನೆ ಹಾಕಿ ಆರೋಪ ಮಾಡುವ ತಲೆಬರಹವನ್ನಂತೂ ಬರೆಯಲೇಬೇಡಿ.

ಮೊದಲ ಎರಡು ವಾಕ್ಯದಲ್ಲಿ ವಿಷಯ ಬರಲಿ. ಪ್ರಕಟವಾದ ದಿನಾಂಕ ಎದ್ದು ಕಾಣಲಿ. ದಿನಾಂಕವಿಲ್ಲದ ಬರಹ ಎರಡು ವರ್ಷದ ನಂತರ ಹೊಸ ಸುದ್ದಿಯ ವೇಷದಲ್ಲಿ ಓಡಾಡುತ್ತದೆ. ಲಿಂಕ್ ಕೊಡುವಾಗ 'ಇಲ್ಲಿ ಕ್ಲಿಕ್ ಮಾಡಿ' ಅನ್ನಬೇಡಿ, ಆ ಕಡೆ ಏನಿದೆ ಅಂತ ಹೇಳಿ. ಎಲ್ಲ ಸಾಧನಗಳಲ್ಲೂ ಓದಬರುವ ಅಕ್ಷರ ವ್ಯವಸ್ಥೆಯಾದ ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ಹಳೆಯ ಫಾಂಟ್‌ಗಳಲ್ಲಿ ಮಾಡಿದ್ದು, ಚಿತ್ರದ ಮೇಲೆ ಬರೆದ ಪ್ಯಾರಾ, ಇವು ಹುಡುಕಿದರೆ ಸರಿಯಾಗಿ ಸಿಗುವುದಿಲ್ಲ.

ಬರೆದು ಮುಗಿಸಿದ ಕೂಡಲೇ ತಿದ್ದಲು ಕೂರಬೇಡಿ. ಎದ್ದು ಹೋಗಿ ಬನ್ನಿ. ಆಮೇಲೆ ಫೋನ್‌ನಲ್ಲಿ ತೆರೆದು, ಜೋರಾಗಿ ಓದಿ. ಕಂಪ್ಯೂಟರ್ ಪರದೆಯಲ್ಲಿ ಕಣ್ಣಿಗೆ ಬೀಳದ ತಪ್ಪು ಅಲ್ಲಿ ಬೀಳುತ್ತದೆ. ಹೆಸರು, ಅಂಕಿ, ತಾರೀಖು ಈ ಮೂರನ್ನು ಮಾತ್ರ ನೋಡಲು ಇನ್ನೊಂದು ಸುತ್ತು ಓದಿ.

ಹೆಜ್ಜೆ 4: ನಿಜವಾ ಅಂತ ನೋಡಿ

ಈ ಹೆಜ್ಜೆಯಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತೇನೆ. ಉಳಿದದ್ದೆಲ್ಲ ಸ್ವಲ್ಪ ತಪ್ಪಿದರೂ ಸರಿಮಾಡಬಹುದು.

ನನ್ನದೇ ಒಂದು ತಪ್ಪಿನಿಂದ ಶುರು ಮಾಡುತ್ತೇನೆ. ಒಂದು ರಾತ್ರಿ ಜೋರು ಮಳೆಯ ಸುದ್ದಿ ಓಡುತ್ತಿತ್ತು. ನಂಬಿಕಸ್ಥ ಗೆಳೆಯರೊಬ್ಬರು ಮುಳುಗಿದ ಸೇತುವೆಯ ಫೋಟೊ ಕಳಿಸಿದರು. ನಾನು ಹಂಚಿಕೊಂಡೆ. ಅರ್ಧ ಗಂಟೆಯಲ್ಲಿ ಓದುಗರೊಬ್ಬರು ಬರೆದರು, ಅದು ಮೂರು ವರ್ಷ ಹಳೆಯದು, ಊರೂ ಬೇರೆ. ಅಷ್ಟರಲ್ಲಿ ಆ ದಾರಿಯಲ್ಲಿ ಹೋಗಬೇಕಿದ್ದ ಕೆಲವರು ಗಾಬರಿಯಾಗಿದ್ದರು. ಗೆಳೆಯರು ನಂಬಿಕಸ್ಥರೇ. ಆದರೆ ಫೋಟೊ ಅವರು ತೆಗೆದದ್ದಲ್ಲ, ಅವರಿಗೂ ಯಾರೋ ಕಳಿಸಿದ್ದು. 'ಕಳಿಸಿದ್ದು ಯಾರು' ಅಂತ ನೋಡಿದ್ದೆ, 'ತೆಗೆದದ್ದು ಯಾರು' ಅಂತ ಕೇಳಿರಲಿಲ್ಲ. ಈಗ ಆ ಎರಡನೆಯ ಪ್ರಶ್ನೆ ಕೇಳದೆ ಏನನ್ನೂ ಹಾಕುವುದಿಲ್ಲ.

ಕ್ರಮ ಹೀಗಿದೆ. ಮೊದಲು ಮೂಲ ಹುಡುಕಿ. ವಾಟ್ಸಾಪ್‌ನಲ್ಲಿ ಬಂದ ಸಂದೇಶದ ಮೇಲೆ ಎರಡು ಬಾಣದ ಗುರುತು ಇದ್ದರೆ ಅದು ಹಲವು ಕೈ ದಾಟಿ ಬಂದಿದೆ ಎಂದರ್ಥ. ಸ್ಕ್ರೀನ್‌ಶಾಟ್ ಸಾಕ್ಷಿ ಅಲ್ಲ. ಅದನ್ನು ಎರಡು ನಿಮಿಷದಲ್ಲಿ ಯಾರು ಬೇಕಾದರೂ ತಯಾರಿಸಬಹುದು. ಅದರಲ್ಲಿ ಕಾಣುವ ಖಾತೆಗೆ ಹೋಗಿ, ಆ ಪೋಸ್ಟ್ ಇದೆಯಾ ನೋಡಿ.

ಆಮೇಲೆ ಪದದ ಬದಲು ಆ ಚಿತ್ರವನ್ನೇ ಕೊಟ್ಟು, ಅದು ಮೊದಲು ಎಲ್ಲಿ ಬಂದಿತ್ತು ಅಂತ ಹುಡುಕಿ (ರಿವರ್ಸ್ ಇಮೇಜ್ ಸರ್ಚ್). ಗೂಗಲ್ ಲೆನ್ಸ್, ಟಿನ್‌ಐ ಎರಡರಲ್ಲೂ ಹಾಕಿ. ಒಂದರಲ್ಲಿ ಸಿಗದ್ದು ಇನ್ನೊಂದರಲ್ಲಿ ಸಿಗುತ್ತದೆ. ಪ್ರವಾಹದ ನೀರು ತುಂಬಿದ ರಸ್ತೆಯಲ್ಲಿ ಕಾರಿನ ಪಕ್ಕ ಶಾರ್ಕ್ ಈಜುವ ಚಿತ್ರವನ್ನು ನೀವೂ ನೋಡಿರಬಹುದು. 2011ರಲ್ಲಿ ಐರೀನ್ ಚಂಡಮಾರುತದ ಹೊತ್ತಿಗೆ ಬಂತು. 2017ರಲ್ಲಿ ಹಾರ್ವಿ ಚಂಡಮಾರುತ ಬಂದಾಗ ಮತ್ತೆ ಬಂತು. ಆ ಶಾರ್ಕ್ ಅನ್ನು ಸಮುದ್ರದಲ್ಲಿ ತೆಗೆದ ಬೇರೊಂದು ಹಳೆಯ ಫೋಟೊದಿಂದ ಕತ್ತರಿಸಿ ಅಂಟಿಸಿದ್ದರು. ಚಿತ್ರವನ್ನೇ ಕೊಟ್ಟು ಹುಡುಕಿದ್ದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತಿತ್ತು.

ಈ ಕಥೆ ಅಲ್ಲಿಗೆ ಮುಗಿಯಲಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಇಯನ್ ಚಂಡಮಾರುತ ಫ್ಲೋರಿಡಾಕ್ಕೆ ಅಪ್ಪಳಿಸಿದಾಗ, ಮನೆಗಳ ನಡುವಿನ ನೀರಿನಲ್ಲಿ ಶಾರ್ಕ್‌ನಂಥ ದೊಡ್ಡ ಮೀನು ಒದ್ದಾಡುವ ವಿಡಿಯೊ ಬಂತು. 'ಮತ್ತೆ ಅದೇ ಸುಳ್ಳು' ಅಂತ ಎಷ್ಟೋ ಜನ ತಳ್ಳಿಹಾಕಿದರು. ಅಮೆರಿಕದ ಸುದ್ದಿಸಂಸ್ಥೆ ಅಸೋಸಿಯೇಟೆಡ್ ಪ್ರೆಸ್ ಚಿತ್ರೀಕರಿಸಿದವರನ್ನೇ ಸಂಪರ್ಕಿಸಿ, ಮೂಲ ಫೈಲ್‌ನಲ್ಲಿದ್ದ ಸಮಯದ ವಿವರ ನೋಡಿತು. ವಿಡಿಯೊ ನಿಜವಾಗಿತ್ತು. ಇದು ನನಗೆ ತುಂಬಾ ಇಷ್ಟವಾದ ಉದಾಹರಣೆ. ಪರಿಶೀಲಿಸುವುದು ಅಂದರೆ ಎಲ್ಲವನ್ನೂ ಅನುಮಾನಿಸಿ ಕೂರುವುದಲ್ಲ, ನಿಜವನ್ನು ನಿಜ ಅಂತ ಗಟ್ಟಿಯಾಗಿ ಹೇಳಲು ಬೇಕಾದ ಕೆಲಸ ಮಾಡುವುದು.

ಜಾಗ ಮತ್ತು ಹೊತ್ತು ತಾಳೆಯಾಗುತ್ತದಾ ನೋಡಿ. ಅಂಗಡಿಯ ಬೋರ್ಡು, ವಾಹನದ ನಂಬರ್ ಪ್ಲೇಟು, ನೆರಳು ಬಿದ್ದಿರುವ ದಿಕ್ಕು, ಜನ ಹಾಕಿದ ಬಟ್ಟೆ, ಎಲ್ಲವೂ ಮಾತಾಡುತ್ತವೆ. ಬೀದಿಯ ನೋಟವನ್ನು ನಕ್ಷೆಯ ಉಪಗ್ರಹ ಚಿತ್ರದ ಜೊತೆ ಹೋಲಿಸಿ.

ಕೃತಕ ಬುದ್ಧಿಮತ್ತೆ ತಯಾರಿಸಿದ ಚಿತ್ರಗಳ ವಿಷಯದಲ್ಲಿ ಕಣ್ಣನ್ನು ಮಾತ್ರ ನಂಬಬೇಡಿ. 2023ರ ಮಾರ್ಚ್‌ನಲ್ಲಿ ಪೋಪ್ ಫ್ರಾನ್ಸಿಸ್ ಬಿಳಿ ಪಫರ್ ಜಾಕೆಟ್ ಹಾಕಿದ ಚಿತ್ರ ಜಗತ್ತನ್ನೇ ಸುತ್ತಿತು. ಅದು ಮಿಡ್‌ಜರ್ನಿ ಎಂಬ ಕೃತಕ ಬುದ್ಧಿಮತ್ತೆಯ ತಂತ್ರಾಂಶದಲ್ಲಿ ಮಾಡಿದ್ದು. ಆಗ ಕೈಬೆರಳು ನೋಡಿ ಪತ್ತೆ ಮಾಡಿ ಅನ್ನುತ್ತಿದ್ದರು. ಈಗ ಬೆರಳುಗಳೂ ಸರಿಯಾಗೇ ಬರುತ್ತವೆ. ಹಾಗಾಗಿ ಮತ್ತೆ ಅದೇ ಪ್ರಶ್ನೆಗೆ ಬನ್ನಿ: ತೆಗೆದದ್ದು ಯಾರು, ಆಗ ಅವರು ಎಲ್ಲಿದ್ದರು, ಅಲ್ಲಿದ್ದ ಬೇರೆಯವರು ಏನನ್ನುತ್ತಾರೆ?

ಯಾರ ಮೇಲಾದರೂ ಆರೋಪ ಇರುವ ವಿಷಯವಾದರೆ ಅವರನ್ನು ಕೇಳದೆ ಪ್ರಕಟಿಸಬೇಡಿ. ಉತ್ತರಿಸಲು ಸಮಯ ಕೊಡಿ. ಉತ್ತರಿಸದಿದ್ದರೆ, ಕೇಳಿದ್ದೆವು, ಉತ್ತರ ಬಂದಿಲ್ಲ ಅಂತ ಬರೆಯಿರಿ. ಆನ್‌ಲೈನ್ ಬರಹಕ್ಕೂ ಮಾನನಷ್ಟದ ಕಾನೂನು ಇದೆ. ಬೇರೆಯವರ ಪೋಸ್ಟ್ ಹಂಚಿದ್ದು ಅಷ್ಟೇ ಅಂದರೂ ಎಲ್ಲ ಸಲ ಬಿಡುಗಡೆ ಸಿಗುವುದಿಲ್ಲ.

ಹೆಜ್ಜೆ 5: ಚಿತ್ರ ಯಾರದ್ದು, ಚಿತ್ರದಲ್ಲಿ ಯಾರಿದ್ದಾರೆ

ಗೂಗಲ್‌ನಲ್ಲಿ ಸಿಕ್ಕಿದ್ದು ಅಂದರೆ ಬಿಟ್ಟಿ ಅಂತ ಅಲ್ಲ. ತೆಗೆದವರ ಒಪ್ಪಿಗೆ ಕೇಳಿ, ಅದು ಬರಹದಲ್ಲಿರಲಿ. ಇಲ್ಲವೇ ಕ್ರಿಯೇಟಿವ್ ಕಾಮನ್ಸ್ ಪರವಾನಗಿ, ಅಂದರೆ ಕೆಲವು ಷರತ್ತಿನ ಮೇಲೆ ಬಳಸಲು ಮಾಡಿದವರೇ ಮೊದಲೇ ಕೊಟ್ಟ ಒಪ್ಪಿಗೆ, ಇರುವ ಚಿತ್ರ ಬಳಸಿ. 2002ರಲ್ಲಿ ಶುರುವಾದ ಈ ಪರವಾನಗಿಗಳಲ್ಲಿ ಹಲವು ಬಗೆ ಇವೆ. ಕೆಲವಕ್ಕೆ ಹೆಸರು ಹಾಕಿದರೆ ಸಾಕು, ಕೆಲವನ್ನು ವ್ಯಾಪಾರಕ್ಕೆ ಬಳಸುವಂತಿಲ್ಲ, ಕೆಲವನ್ನು ತಿದ್ದುವಂತಿಲ್ಲ. ಓದಿಯೇ ಬಳಸಿ.

ಫೋನ್‌ನಲ್ಲಿ ತೆಗೆದ ಫೋಟೊದೊಳಗೆ ತೆಗೆದ ಜಾಗದ ವಿವರ ಇರಬಹುದು. ಹೆಸರು ಹೇಳಲು ಹೆದರುವ ವ್ಯಕ್ತಿಯ ಮನೆಯಲ್ಲಿ ತೆಗೆದ ಚಿತ್ರವನ್ನು ನಿಮ್ಮ ಸೈಟ್‌ಗೆ ಹಾಗೇ ಹಾಕಿದರೆ, ಮುಖ ಮಸುಕು ಮಾಡಿದ್ದೂ ವ್ಯರ್ಥ. ಜಾಗದ ವಿವರ ಅಳಿಸಿ ಹಾಕಿ. ಮಕ್ಕಳ ಮುಖ, ದುಃಖದಲ್ಲಿರುವವರ ಮುಖ ಹಾಕುವ ಮೊದಲು ಎರಡು ಸಲ ಯೋಚಿಸಿ.

ಪ್ರತಿ ಚಿತ್ರಕ್ಕೂ ಆಲ್ಟ್ ಟೆಕ್ಸ್ಟ್, ಅಂದರೆ ಚಿತ್ರದಲ್ಲಿ ಏನಿದೆ ಎಂಬ ಚಿಕ್ಕ ವಿವರಣೆ, ಬರೆಯಿರಿ. ಕಣ್ಣು ಕಾಣದ ಓದುಗರಿಗೆ ಸ್ಕ್ರೀನ್ ರೀಡರ್ ಓದಿ ಹೇಳುವುದು ಅದನ್ನೇ. 'ಫೋಟೊ' ಅಂತಷ್ಟೇ ಬರೆದರೆ ಅವರಿಗೆ ಏನೂ ತಲುಪಲಿಲ್ಲ ಅಂತಾಯಿತು, ಅಲ್ವಾ?

ಹೆಜ್ಜೆ 6: ಹಂಚುವುದು

ಎಲ್ಲ ಜಾಲತಾಣಗಳಲ್ಲೂ ಇರಲು ಹೋಗಬೇಡಿ. ನಿಮ್ಮ ಓದುಗರು ನಿಜವಾಗಿ ಇರುವ ಒಂದೆರಡು ಸಾಕು. ಒಂದೇ ಸಾಲನ್ನು ಎಲ್ಲ ಕಡೆ ಅಂಟಿಸಬೇಡಿ. ಎಕ್ಸ್‌ನಲ್ಲಿ (ಹಿಂದಿನ ಟ್ವಿಟರ್) 280 ಅಕ್ಷರದಲ್ಲಿ ಹೇಳುವ ರೀತಿ ಬೇರೆ, ಇನ್‌ಸ್ಟಾಗ್ರಾಮ್‌ನಲ್ಲಿ ಚಿತ್ರ ಮುಂದೆ ಮಾತು ಹಿಂದೆ, ವಾಟ್ಸಾಪ್ ಗುಂಪಿನಲ್ಲಿ ಪರಿಚಯದವರ ಜೊತೆ ಮಾತಾಡಿದ ಹಾಗೆ. ಹ್ಯಾಷ್‌ಟ್ಯಾಗ್ ಒಂದೋ ಎರಡೋ ಇರಲಿ.

ಹಾಕುವ ಮೊದಲು ಲಿಂಕ್ ಅನ್ನು ನಿಮಗೇ ಕಳಿಸಿಕೊಂಡು ನೋಡಿ. ಪುಟ್ಟ ಚಿತ್ರ, ತಲೆಬರಹ ಸರಿ ಬಂದಿವೆಯಾ? ತಲೆಬರಹ ತಿದ್ದಿದ ಮೇಲೂ ಹಳೆಯದೇ ಬರುತ್ತಿದ್ದರೆ ಫೇಸ್‌ಬುಕ್‌ನ ಶೇರಿಂಗ್ ಡಿಬಗರ್ ಎಂಬ ಪುಟದಲ್ಲಿ ಬರಹದ ವಿಳಾಸ ಹಾಕಿ, ಫೇಸ್‌ಬುಕ್ ಅದನ್ನು ಮತ್ತೆ ಓದುವಂತೆ ಮಾಡಿ. ಪ್ರಕಟಿಸಿದ ಮೇಲೆ ಒಂದು ಗಂಟೆ ಫೋನ್ ಹತ್ತಿರ ಇರಿ. ತಪ್ಪು ಹಿಡಿಯುವ ಮೊದಲ ಓದುಗರು ಬರುವುದು ಆಗಲೇ. ರಾತ್ರಿ ಮಲಗುವ ಮುಂಚೆ ಬಟನ್ ಒತ್ತಿ ಮಲಗಬೇಡಿ.

ಹೆಜ್ಜೆ 7: ಕೇಳಿಸಿಕೊಳ್ಳಿ

2009ರ ಜನವರಿ 15ರಂದು ನ್ಯೂಯಾರ್ಕ್‌ನ ಹಡ್ಸನ್ ನದಿಯ ಮೇಲೆ ವಿಮಾನ ಇಳಿಯಿತು. ಅದರಲ್ಲಿದ್ದ 155 ಜನರೂ ಬದುಕಿದರು. ರೆಕ್ಕೆಯ ಮೇಲೆ ನಿಂತವರ ಆ ಹೆಸರಾಂತ ಫೋಟೊ ತೆಗೆದದ್ದು, ನೆರವಿಗೆ ಹೋದ ದೋಣಿಯಲ್ಲಿದ್ದ ಒಬ್ಬ ಪ್ರಯಾಣಿಕ. ಫೋನ್‌ನಲ್ಲಿ ತೆಗೆದು ಟ್ವಿಟರ್‌ಗೆ ಹಾಕಿದರು. ಸುದ್ದಿಮನೆಗಳು ಅವರನ್ನು ಹುಡುಕಿಕೊಂಡು ಹೋದವು. ಸಾಮಾಜಿಕ ಜಾಲತಾಣ ನಮಗೆ ಮೈಕ್ ಮಾತ್ರ ಅಲ್ಲ, ಕಿವಿಯೂ ಹೌದು ಅಂತ ನನ್ನಂಥವರಿಗೆ ಮನವರಿಕೆಯಾದದ್ದು ಆ ದಿನ.

ಅಂಥ ಪ್ರತ್ಯಕ್ಷದರ್ಶಿಗೆ ನೀವು ಬರೆಯುವಾಗ ಮೊದಲ ಸಾಲು 'ನೀವು ಕ್ಷೇಮವಾ?' ಅಂತಿರಲಿ. ಎರಡನೆಯದು ನೀವು ಯಾರು ಎಂಬ ಪರಿಚಯ. ಆಮೇಲೆ, ಇದನ್ನು ನೀವೇ ತೆಗೆದಿರಾ, ಬಳಸಬಹುದಾ, ನಿಮ್ಮ ಹೆಸರು ಹಾಕಬಹುದಾ. ಅಪಾಯದ ಜಾಗದಲ್ಲಿರುವವರಿಗೆ 'ಇನ್ನಷ್ಟು ತೆಗೆದು ಕಳಿಸಿ' ಅಂತ ಯಾವತ್ತೂ ಹೇಳಬೇಡಿ.

ಪ್ರತಿಕ್ರಿಯೆಗಳಲ್ಲಿ ತಪ್ಪು ತೋರಿಸಿದವರಿಗೆ ಮೊದಲು ಉತ್ತರಿಸಿ, ಹೊಗಳಿದವರಿಗೆ ಆಮೇಲೆ. ಬರಹವನ್ನು ಬಯ್ದರೆ ಇರಲಿ. ಬೇರೆ ಓದುಗರನ್ನು ಬೆದರಿಸುವವರನ್ನು, ಜಾತಿ ಧರ್ಮ ಹಿಡಿದು ಹೀಯಾಳಿಸುವವರನ್ನು ತಡಮಾಡದೆ ತೆಗೆಯಿರಿ. ಬೆದರಿಕೆ ಬಂದರೆ ಅಳಿಸುವ ಮೊದಲು ದಿನಾಂಕ, ವಿಳಾಸ ಸಮೇತ ಉಳಿಸಿಟ್ಟುಕೊಳ್ಳಿ. ದೂರು ಕೊಡಲು ಅದು ಬೇಕಾಗುತ್ತದೆ.

ಹೆಜ್ಜೆ 8: ತಪ್ಪಾದಾಗ

ಆಗುತ್ತದೆ. ಎಷ್ಟೇ ಎಚ್ಚರ ಇದ್ದರೂ ಆಗುತ್ತದೆ. ಸದ್ದಿಲ್ಲದೆ ಅಳಿಸಿ ಸುಮ್ಮನಾಗುವುದು ಎಲ್ಲಕ್ಕಿಂತ ಕೆಟ್ಟ ದಾರಿ. ಯಾರ ಹತ್ತಿರವೋ ಸ್ಕ್ರೀನ್‌ಶಾಟ್ ಇರುತ್ತದೆ.

ಕಾಗುಣಿತದ ತಪ್ಪನ್ನು ಸುಮ್ನೆ ತಿದ್ದಿ. ವಿಷಯದ ತಪ್ಪಾದರೆ ಬರಹದ ಮೇಲ್ಭಾಗದಲ್ಲೇ ತಿಳಿಸಿ: ಮೊದಲು ಏನಿತ್ತು, ಈಗ ಏನಾಗಿದೆ, ಯಾವತ್ತು ತಿದ್ದಿದ್ದು. ತಪ್ಪು ಹೋದ ದಾರಿಯಲ್ಲೇ ತಿದ್ದುಪಡಿಯೂ ಹೋಗಬೇಕು. ಫೇಸ್‌ಬುಕ್‌ನಲ್ಲಿ ಹಂಚಿದ್ದರೆ ಅಲ್ಲೇ ಹೇಳಿ, ವಾಟ್ಸಾಪ್ ಗುಂಪಿಗೆ ಹಾಕಿದ್ದರೆ ಅದೇ ಗುಂಪಿಗೆ. ಆ ಸೇತುವೆಯ ಫೋಟೊವನ್ನು ನಾನು ಪೋಸ್ಟ್‌ನಿಂದ ತೆಗೆದುಹಾಕಿದೆ. ಅದೇ ಜಾಗದಲ್ಲಿ 'ಹಳೆಯ ಚಿತ್ರ ಹಾಕಿದ್ದೆ, ಪರಿಶೀಲಿಸಿರಲಿಲ್ಲ, ಸೇತುವೆ ತೆರೆದಿದೆ' ಅಂತ ಬರೆದೆ. ತಪ್ಪು ತೋರಿಸಿದ ಓದುಗರಿಗೆ ಧನ್ಯವಾದ ಹೇಳಿದೆ. ಇವತ್ತಿಗೂ ಅವರು ನನ್ನ ಬರಹಗಳನ್ನು ಓದಿ, ಅನುಮಾನ ಬಂದ ಕಡೆ ಬರೆಯುತ್ತಾರೆ. ನನ್ನ ಡೆಸ್ಕ್‌ಗೆ ಸಿಕ್ಕ ಒಳ್ಳೆಯ ಉಪಸಂಪಾದಕರು ಅವರು.

ಹೆಜ್ಜೆ 9: ಬೀಗ

2013ರ ಏಪ್ರಿಲ್ 23ರಂದು ಅಸೋಸಿಯೇಟೆಡ್ ಪ್ರೆಸ್‌ನ ಟ್ವಿಟರ್ ಖಾತೆಯಿಂದ, ಶ್ವೇತಭವನದಲ್ಲಿ ಎರಡು ಸ್ಫೋಟ, ಒಬಾಮ ಅವರಿಗೆ ಗಾಯ ಎಂಬ ಸುದ್ದಿ ಹೋಯಿತು. ಷೇರು ಸೂಚ್ಯಂಕ ಡೌ ಜೋನ್ಸ್ ಕೆಲವೇ ನಿಮಿಷದಲ್ಲಿ 140ಕ್ಕೂ ಹೆಚ್ಚು ಅಂಶ ಬಿತ್ತು. ಆಮೇಲೆ ಸುಳ್ಳು ಅಂತ ಗೊತ್ತಾಗಿ ಮೇಲೆದ್ದಿತು. ಖಾತೆಯನ್ನು ಕದ್ದಿದ್ದರು. ಅದಕ್ಕೂ ಮೊದಲು ಅಲ್ಲಿನ ಸಿಬ್ಬಂದಿಗೆ ಪಾಸ್‌ವರ್ಡ್ ಕದಿಯುವ ಇಮೇಲ್‌ಗಳು ಬಂದಿದ್ದವು. ಆ ಟ್ವೀಟ್ ನೋಡಿದ ಕೂಡಲೇ ಕೆಲವು ಪತ್ರಕರ್ತರಿಗೆ ಅನುಮಾನ ಬಂದಿತ್ತು. ಅಧ್ಯಕ್ಷರ ಹೆಸರು ಬರೆಯುವ ರೀತಿ ಆ ಸಂಸ್ಥೆಯ ಶೈಲಿಯಂತಿರಲಿಲ್ಲ. ಡೆಸ್ಕ್‌ನ ಕಣ್ಣು ಅಂದರೆ ಅದು.

ಪ್ರತಿ ಖಾತೆಗೂ ಬೇರೆ ಪಾಸ್‌ವರ್ಡ್ ಇರಲಿ, ಪಾಸ್‌ವರ್ಡ್ ಮ್ಯಾನೇಜರ್ ಬಳಸಿ. ಪಾಸ್‌ವರ್ಡ್ ಜೊತೆ ಇನ್ನೊಂದು ಕೋಡ್ ಕೇಳುವ ಎರಡು ಹಂತದ ದೃಢೀಕರಣ ಇವತ್ತೇ ಹಾಕಿ. ಎಸ್‌ಎಂಎಸ್‌ಗಿಂತ ದೃಢೀಕರಣದ ಆ್ಯಪ್ ಒಳ್ಳೆಯದು. 2019ರ ಆಗಸ್ಟ್‌ನಲ್ಲಿ ಟ್ವಿಟರ್ ಮುಖ್ಯಸ್ಥ ಜಾಕ್ ಡಾರ್ಸಿ ಅವರ ಖಾತೆಯೇ ಅವರ ಫೋನ್ ನಂಬರ್ ಮೂಲಕ ಬೇರೆಯವರ ಕೈ ಸೇರಿತ್ತು. ತಂಡದಲ್ಲಿ ಕೆಲಸ ಬಿಟ್ಟುಹೋದವರ ಪ್ರವೇಶವನ್ನು ಅದೇ ದಿನ ತೆಗೆಯಿರಿ.

ಹೆಜ್ಜೆ 10: ಅಂಕಿ ನೋಡುವುದು, ಹಳೆಯದನ್ನು ಕಾಯುವುದು

2016ರ ಸೆಪ್ಟೆಂಬರ್‌ನಲ್ಲಿ ಫೇಸ್‌ಬುಕ್ ಒಂದು ವಿಷಯ ಒಪ್ಪಿಕೊಂಡಿತು. ಜನ ವಿಡಿಯೊ ನೋಡುವ ಸರಾಸರಿ ಸಮಯವನ್ನು ಎರಡು ವರ್ಷ ಜಾಸ್ತಿ ತೋರಿಸಿತ್ತು. 3 ಸೆಕೆಂಡಿಗಿಂತ ಕಡಿಮೆ ನೋಡಿದವರನ್ನು ಲೆಕ್ಕದಿಂದ ಬಿಟ್ಟಿತ್ತು. ಆ ಹೊತ್ತಿಗೆ ಹಲವು ಸುದ್ದಿಮನೆಗಳು ಬರೆಯುವವರನ್ನು ಕಡಿಮೆ ಮಾಡಿ ವಿಡಿಯೊ ಕಡೆ ವಾಲುತ್ತಿದ್ದವು. 2018ರ ಜನವರಿಯಲ್ಲಿ ಅದೇ ಫೇಸ್‌ಬುಕ್, ಸಂಸ್ಥೆಗಳ ಪೋಸ್ಟ್‌ಗಿಂತ ಗೆಳೆಯರ, ಮನೆಯವರ ಪೋಸ್ಟ್‌ಗಳನ್ನು ಮುಂದೆ ತೋರಿಸುತ್ತೇನೆ ಅಂದಿತು. ಅಲ್ಲಿಂದ ಬರುವ ಓದುಗರನ್ನೇ ನಂಬಿದ್ದ ಸೈಟ್‌ಗಳು ಒದ್ದಾಡಿದವು. ಅದಕ್ಕೇ ಓದುಗರ ಇಮೇಲ್ ಪಟ್ಟಿ ಮಾಡಿಕೊಳ್ಳಿ ಅನ್ನುತ್ತೇನೆ. ಒಪ್ಪಿ ಕೊಟ್ಟವರಿಗೆ ಮಾತ್ರ ಕಳಿಸಿ, ಬೇಡ ಅಂದವರನ್ನು ಒಂದೇ ಕ್ಲಿಕ್‌ನಲ್ಲಿ ಬಿಟ್ಟುಬಿಡಿ. ಲೈಕ್‌ಗಿಂತ, ಎಷ್ಟು ಜನ ಕೊನೆಯವರೆಗೆ ಓದಿದರು, ಎಷ್ಟು ಜನ ಮರಳಿ ಬಂದರು ಅಂತ ನೋಡಿ.

ತಿಂಗಳಿಗೊಂದು ದಿನ ಗೊತ್ತು ಮಾಡಿಕೊಳ್ಳಿ. ಆ ದಿನ ಸೈಟ್‌ನ ಪೂರ್ತಿ ಬ್ಯಾಕಪ್ ತೆಗೆದು ಬೇರೆ ಡಿಸ್ಕ್‌ನಲ್ಲಿಡಿ. ಮುಖ್ಯ ಬರಹಗಳನ್ನು ವೆಬ್ ಪುಟಗಳ ಪ್ರತಿ ಕಾಪಾಡಿಡುವ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಉಳಿಸಿ. ಆಮೇಲೆ ನಿಮ್ಮದೇ ಹಳೆಯ ಬರಹಗಳಲ್ಲಿ ಹತ್ತನ್ನು ತೆರೆದು ಓದಿ. ಸತ್ತ ಲಿಂಕ್ ಬದಲಿಸಿ. ಈಗ ಸರಿಯಲ್ಲದ ಮಾಹಿತಿ ಇದ್ದರೆ ಮೇಲೆ ದಿನಾಂಕ ಹಾಕಿ ಟಿಪ್ಪಣಿ ಸೇರಿಸಿ. ನಾನು ಪ್ರತಿ ತಿಂಗಳ ಮೊದಲ ಭಾನುವಾರ ಬೆಳಗ್ಗೆ ಇದಕ್ಕೆ ಕೂರುತ್ತೇನೆ. ಎರಡು ಗಂಟೆ ಹಿಡಿಯುತ್ತದೆ.